ಗೋಡೆಯ ಸದ್ದು

"ಬೇಸ್ ಜಾಸ್ತಿ ಇರೋ ಹೆಡ್‌ಫೋನ್ ಕೊಡಮ್ಮ," ಎಂದ ಮೆಕ್ಯಾನಿಕ್. ಬೇಸ್ ಎಂದರೇನೆಂದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಹೆಂಡತಿ ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸಿದ್ದ. ಅವಳು ಪಕ್ಕದಲ್ಲೇ ನಿಂತು, ಒಂದಕ್ಷರ ತಪ್ಪಿದರೂ ತಿದ್ದಲು ಸಿದ್ಧಳಾಗಿದ್ದಳು.

"ಯಾವ ಥರದ ಹಾಡು ಕೇಳ್ತೀರ ಸರ್?" ಎಂದು ಕೇಳಿದಳು ಅಂಗಡಿಯವಳು.

"ಹಾಡು ಕೇಳೋ ಚಟ ನನಗಿಲ್ಲ. ಒಂದೇ ಒಂದು ಕೇಳ್ಬೇಕು."

"ನಮ್ಮ ಮಗಂದು," ಎಂದಳು ಹೆಂಡತಿ. "ಅವನು ಬೇಸ್ ಗಿಟಾರ್ ನುಡಿಸಿದಾನೆ. ಇವರ ಕಿವಿಗೆ ಬಿದ್ದಿಲ್ಲ."

ಮಾತು ಚುಚ್ಚಿತು. ಬಾನೆಟ್ ಎತ್ತುವ ಮೊದಲೇ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನೆಂದು ಅವನಿಗೆ ಹೆಸರಿತ್ತು. ಆ ಹೆಸರೇ ಈಗ ಮುಳುವಾಗಿತ್ತು. ಹೋದ ವಾರ ಮಗನ ಬ್ಯಾಂಡಿನ ಮೊದಲ ಹಾಡು ಬಂದಾಗ ಗ್ಯಾರೇಜಿನಲ್ಲಿ ಎಲ್ಲರನ್ನೂ ಕರೆದು, ಫೋನನ್ನು ಹಳೇ ಟೈರಿನ ಮೇಲಿಟ್ಟು ಕೇಳಿಸಿದ್ದ. ಹಾಡುವವಳ ದನಿ ಕೇಳಿತು, ಡ್ರಮ್ಸ್ ಕೇಳಿತು, ಇನ್ಯಾರದೋ ಗಿಟಾರ್ ಕೇಳಿತು. "ಇದ್ರಲ್ಲಿ ನಿಮ್ಮ ಮಗಂದು ಯಾವುದಣ್ಣ?" ಎಂದ ಪೇಂಟರ್. ಮೆಕ್ಯಾನಿಕ್ ಮತ್ತೆ ಮತ್ತೆ ಹಾಕಿ ಕೇಳಿದ. ಮಗನದು ಎಲ್ಲೂ ಇರಲಿಲ್ಲ.

ಮನೆಗೆ ಬಂದವನು ಅಂಗಿ ಕಳಚುವ ಮೊದಲೇ ಹೇಳಿಬಿಟ್ಟ: "ನೀನು ಸುಮ್ನೆ ಫೋಟೋಗೆ ನಿಂತಿದೀಯ ಅಷ್ಟೆ. ನಿಂದು ಒಂದು ತಂತಿ ಸದ್ದೂ ಇಲ್ಲ ಅದ್ರಲ್ಲಿ." "ಅಷ್ಟು ತಗ್ಗಿನ ಸದ್ದು ಫೋನಲ್ಲಿ ಬರಲ್ಲಪ್ಪ. ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಕೇಳು," ಎಂದ ಮಗ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಇವನು. ಮಗ ಗಿಟಾರನ್ನು ಅದರ ಚೀಲಕ್ಕೆ ತುಂಬಿ ಜಿಪ್ ಎಳೆದ. ಅದನ್ನು ಕೊಂಡುಕೊಳ್ಳಲು ಇವತ್ತು ಸಂಜೆ ಯಾರೋ ಬರುವವರಿದ್ದರು. ಅದು ಗೊತ್ತಾದ ಕೂಡಲೇ ಹೆಂಡತಿ ಗಂಡನ ಮುಂದಿದ್ದ ಕಾಫಿ ಲೋಟವನ್ನು ಎತ್ತಿಟ್ಟು, "ಏಳಿ, ಮೊದಲು ಅಂಗಡಿಗೆ ಹೋಗೋಣ," ಎಂದಿದ್ದಳು.

ಅಂಗಡಿಯವಳು ಮೊದಲು ಕಿವಿಯೊಳಗೆ ತುರುಕುವ ಪುಟ್ಟದೊಂದನ್ನು ಕೊಟ್ಟಳು. ಅವನು ಕೇಳಿ, "ಇಲ್ಲ," ಎಂದು ತಲೆಯಾಡಿಸಿದ. ಆ ಇಲ್ಲದಲ್ಲಿ ತುಸು ಸಮಾಧಾನವೂ ಇತ್ತು. ತನ್ನ ಕಿವಿ ಸೋತಿಲ್ಲವಲ್ಲ. ಆಮೇಲೆ ಅವಳು ಇಡೀ ಕಿವಿಯನ್ನು ಮುಚ್ಚುವ ದಪ್ಪನೆಯದೊಂದನ್ನು ತಂದು ಫೋನಿಗೆ ಜೋಡಿಸಿದಳು.

ಹಾಡು ಶುರುವಾಯಿತು. ಹಾಡುವವಳ ದನಿಯ ಕೆಳಗಿನಿಂದ ಡುಂ, ಡುಡುಂ, ಡುಂ ಎಂದು ಏನೋ ಎದ್ದು ಬಂತು. ಅವನಿಗೆ ಅದು ಹೊಸದಾಗಿರಲಿಲ್ಲ. ಮಗನ ಕೋಣೆಗೂ ಇವನ ಕೋಣೆಗೂ ನಡುವೆ ಒಂದೇ ಗೋಡೆ. ಕೆಲಸದಿಂದ ಬಂದು ಕಾಲು ಚಾಚಿದರೆ ಸಾಕು, ಗೋಡೆಯೊಳಗಿಂದ ಇದೇ ಡುಂ, ಡುಡುಂ ಬರುತ್ತಿತ್ತು. ಅವನು ಮುಷ್ಟಿಯಿಂದ ಗೋಡೆಗೆ ಗುದ್ದುತ್ತಿದ್ದ, ಅದು ನಿಲ್ಲುತ್ತಿತ್ತು. ಈ ಹಾಡನ್ನು ಲೋಕಕ್ಕಿಂತ ಮೊದಲು ಕೇಳಿದವನು ಅವನೇ. ದಿನಾ ನಿಲ್ಲಿಸಿದವನೂ ಅವನೇ.

ನಡುವೆ ಒಂದು ಕಡೆ ಆ ಸದ್ದು ನಿಂತುಹೋಯಿತು. ಹಾಡುವವಳೇನೋ ಹಾಡುತ್ತಲೇ ಇದ್ದಳು, ಆದರೆ ಹಾಡು ಎಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತಾಗಿತ್ತು. ಮೆಕ್ಯಾನಿಕ್ ಕೌಂಟರಿನ ಅಂಚನ್ನು ಹಿಡಿದುಕೊಂಡ. ಸದ್ದು ಮತ್ತೆ ಬಂದಾಗ ಕೈ ಸಡಿಲಾಯಿತು. ಅವನಿಗೆ ನಾಚಿಕೆಯಾಗಿತ್ತು.

"ಕೇಳಿಸ್ತಾ?" ಎಂದಳು ಹೆಂಡತಿ, ಅವನ ಒಂದು ಕಿವಿ ಬಿಡಿಸಿ.

"ಇದು ನಮ್ಮನೆ ಗೋಡೆ ಕಣೇ."

"ಈಗ ಹೇಳಿ. ನೆಲ ಡೊಂಕೋ, ಕಾಲು ಡೊಂಕೋ?"

"ಪ್ಯಾಕ್ ಮಾಡ್ಲಾ ಸರ್?" ಎಂದು ಅಂಗಡಿಯವಳು ಕೇಳಿದ್ದಕ್ಕೆ, "ಬೇಡಮ್ಮ, ಹೀಗೇ ಹೋಗ್ತೀನಿ," ಎಂದು ಅದನ್ನು ಕತ್ತಿಗೆ ಹಾಕಿಕೊಂಡೇ ಹೊರಟ.

ಮನೆಯಲ್ಲಿ ಮಗನ ಕೋಣೆಯ ಬಾಗಿಲು ಮುಚ್ಚಿತ್ತು. ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಗಿರಾಕಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ತಪ್ಪಾಯಿತು ಎಂದು ಹೇಳಿ ಅವನಿಗೆ ರೂಢಿಯಿರಲಿಲ್ಲ. ತನ್ನ ಕೋಣೆಗೆ ಹೋಗಿ, ಮಂಚದ ಮೇಲೆ ಕುಳಿತು, ಹೆಡ್‌ಫೋನನ್ನು ಕಿವಿಗೇರಿಸಿ ಹಾಡು ಹಾಕಿಕೊಂಡ. ಆಮೇಲೆ ಮುಷ್ಟಿಯಿಂದ ಗೋಡೆಗೆ ಗುದ್ದಿದ.

"ನಾನೇನೂ ಬಾರಿಸ್ತಿಲ್ವಲ್ಲಪ್ಪ," ಎಂದಿತು ಗೋಡೆಯಾಚೆಯ ದನಿ.

ಕಿವಿ ಮುಚ್ಚಿಕೊಂಡಿದ್ದವನಿಗೆ ಅದು ಕೇಳಿಸಲಿಲ್ಲ. ಡುಂ, ಡುಡುಂ, ಡುಂ ಎಂದು ಗುದ್ದುತ್ತಲೇ ಇದ್ದ. ತಾಳ ಒಂದು ಕಡೆ ತಪ್ಪಿತು. ತಡವರಿಸಿ ಮತ್ತೆ ಹಿಡಿದ. ಹಾಡಿನಲ್ಲಿ ಆ ಸದ್ದು ನಿಲ್ಲುವ ಜಾಗ ಬಂದಾಗ ಅವನ ಮುಷ್ಟಿಯೂ ಗಾಳಿಯಲ್ಲಿ ನಿಂತಿತು.

ಆ ನಿಶ್ಶಬ್ದದಲ್ಲಿ, ಮಗನ ಕೋಣೆಯೊಳಗೆ ಜಿಪ್ ತೆರೆದ ಸದ್ದು ನಡುಮನೆಯಲ್ಲಿ ನಿಂತಿದ್ದ ಹೆಂಡತಿಗೆ ಕೇಳಿಸಿತು. ಗಿಟಾರ್ ಕೊಳ್ಳುವವರು ಬರುವ ಹೊತ್ತಾಗಿತ್ತು. ಅವಳು ಅಂಗಳಕ್ಕೆ ಹೋಗಿ ಗೇಟಿಗೆ ಒಳಗಿನಿಂದ ಬೀಗ ಹಾಕಿ ಬಂದಳು.