ಒಂಬೈನೂರು ಗ್ರಾಂ

ಕೈಗೆ ಬಂದ ಲ್ಯಾಪ್‌ಟಾಪ್ ತೊಡೆಗೆ ಬರಲಿಲ್ಲ ಅಂತ ಗಾದೆ. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಲ್ಲ. ಬೆಂಗಳೂರಿಗೆ ಹೊರಟ ಮಾರಿಕುಪ್ಪಂ ರೈಲು ಊರಿಗಾಂ ಬಿಟ್ಟ ಕೂಡಲೇ ರಾಧ ತೊಡೆಯ ಮೇಲಿನ ಬ್ಯಾಗಿನ ಜಿಪ್ ಎಳೆದಳು. ಒಳಗೆ ಲ್ಯಾಪ್‌ಟಾಪ್ ಇರಲಿಲ್ಲ. ಅದರ ಬದಲು, ಮನೆಯಲ್ಲಿ ಈರುಳ್ಳಿ ಹೆಚ್ಚುವ ಹಲಗೆ ಇತ್ತು. ಅದರ ಕೆಳಗೆ ಕಂದು ಬಣ್ಣದ ದೊಡ್ಡ ಕವರು, ಮೂಲೆಯಲ್ಲೊಂದು ಹಿತ್ತಾಳೆ ಬಿಲ್ಲೆ.

"ಅಯ್ಯೋ, ನನ್ನ ಲ್ಯಾಪ್‌ಟಾಪ್!"

ಎದುರು ಸೀಟಿನಲ್ಲಿ ಕೊತ್ತಂಬರಿ ಮೂಟೆ ಕಾಲಡಿ ಇಟ್ಟುಕೊಂಡಿದ್ದ ಮುನಿಶಾಮಮ್ಮ ಬಗ್ಗಿ ನೋಡಿದಳು. "ಮನೆಯಿಂದ ಒತ್ಕೊಂಡ್ ಬಂದಿದ್ದೀಯ, ಗೊತ್ತಾಗ್ಲಿಲ್ವೇನಮ್ಮ?"

"ಗೊತ್ತಾಗಲ್ಲ ಅಕ್ಕಾ. ಅದು ಇದ್ರೂ ಇಲ್ದಂಗೇ ಇರ್ತದೆ."

ಅದಕ್ಕೇ ಅಲ್ಲವೇ ಅವಳು ಅದನ್ನು ಕೊಂಡದ್ದು. ತೂಕ ಒಂಬೈನೂರು ಗ್ರಾಂ. ರೈಲು, ಬಸ್‌ಸ್ಟ್ಯಾಂಡು, ಕಲ್ಯಾಣ ಮಂಟಪದ ಮೆಟ್ಟಿಲು, ಕೂತಲ್ಲೇ ಮದುವೆ ಆಲ್ಬಂ ತಯಾರು. ಮದುಮಗಳ ಮೊಡವೆ, ಮದುಮಗನ ಕಣ್ಣಡಿಯ ಕಪ್ಪು, ಬಂಗಾರಪೇಟೆ ಬರುವಷ್ಟರಲ್ಲಿ ಎಲ್ಲ ಮಾಯ. ಇವತ್ತೂ ಒಂಬತ್ತಕ್ಕೆ ಒಂದು ಆಲ್ಬಂ ಸ್ಟುಡಿಯೋಗೆ ಹೋಗಬೇಕಿತ್ತು.

ಕವರು ಬಿಚ್ಚಿದಳು. ಅಪ್ಪನ ಎದೆಯ ಎಕ್ಸ್‌ರೇ. ಮೇಲೆ 'ಚಿಕ್ಕವೆಂಕಟಪ್ಪ, ೬೬' ಎಂದು ಬರೆದಿತ್ತು, ತಾರೀಖು ಮೂರು ತಿಂಗಳ ಹಿಂದಿನದು. ಬೆಂಗಳೂರಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದಿದ್ದರು ಇಲ್ಲಿಯ ಡಾಕ್ಟರು. ಮೂರು ಸಲ ಆ ಡಾಕ್ಟರ ಭೇಟಿಗೆ ಚೀಟಿ ಮಾಡಿಸಿದ್ದಾಗಿತ್ತು. ಮೂರು ಸಲವೂ ರಾಧ, "ಮುಂದಿನ್ ವಾರ ಅಪ್ಪಾ, ಮದುವೆ ಸೀಸನ್ನು" ಅಂದಿದ್ದಳು. ನಾಲ್ಕನೆಯ ಚೀಟಿಯನ್ನು ಕವರಿಗೆ ಪಿನ್ನು ಹಾಕಿ ಸಿಕ್ಕಿಸಿತ್ತು: ಇವತ್ತು, ಹನ್ನೊಂದೂವರೆ.

ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕೆಲುಬುಗಳ ಹಿಂದೆ ಗಣಿಮಣ್ಣಿನ ಬೂದು ದಿಬ್ಬ ಮೆಲ್ಲಗೆ ಸರಿಯಿತು. ದಿಬ್ಬ ದಾಟಿಹೋಯಿತು. ಎದೆಯೊಳಗಿನ ಬಿಳಿ ಚುಕ್ಕೆಗಳು ಹೋಗಲಿಲ್ಲ.

ಆಗ ಅವಳ ಸೀಟಿನ ಬೆನ್ನ ಹಿಂದಿನಿಂದ, ಸ್ಟೇಷನ್ನಿನ ಮೈಕಿನಲ್ಲಿ ಬರುವ ಹೆಂಗಸಿನ ದನಿ ಕೇಳಿತು. "ಪ್ರಯಾಣಿಕರು ದಯವಿಟ್ಟು ಗಮನಿಸಿ. ಚಾಂಪಿಯನ್ ರೀಫ್ಸ್ ಗಣಿಯಿಂದ ಹೊರಟ ಎರಡು ಶ್ವಾಸಕೋಶಗಳು ಮೂರು ತಿಂಗಳು ತಡವಾಗಿ ಚಲಿಸುತ್ತಿವೆ. ತಮಗಾದ ಅನನುಕೂಲಕ್ಕೆ..." ವಿಷಾದಿಸುವ ಮೊದಲೇ ಆ ದನಿಗೆ ಕೆಮ್ಮು ಬಂತು. ಬೋಗಿಯಲ್ಲಿ ನಾಲ್ಕೈದು ಜನ ನಕ್ಕರು. ಕೆಮ್ಮು ನಿಲ್ಲಲಿಲ್ಲ, ನಗು ನಿಂತಿತು.

ರಾಧ ಎದ್ದು ತಿರುಗಿದಳು. ಮೈಕಿನ ದನಿ ಅಣಕಿಸಿದ್ದ ಅಪ್ಪ, ಟವೆಲಿನಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಕೂತಿದ್ದ.

"ಯಾವಾಗ ಹತ್ತಿದೆ ನೀನು?"

"ನೀನು ಈ ಬಾಗ್ಲು, ನಾನು ಆ ಬಾಗ್ಲು."

"ಇದೇನ್ ಆಟ ಅಪ್ಪಾ? ನನ್ನ ಜೀವ ಹೋಗಿತ್ತು."

"ಊರೋರ್ ಮುಖದ್ ಮಚ್ಚೆಯೆಲ್ಲಾ ಕಣ್ಣಿಟ್ಟು ನೋಡ್ತೀಯಲ್ಲಮ್ಮ. ನಂದೂ ಒಂದ್ ಫೋಟೋ ಐತೆ, ನೋಡ್ಲಿ ಅಂತ ಇಕ್ಕಿದೆ." ಉಸಿರು ತೆಗೆದುಕೊಂಡು ಮತ್ತೆ ಶುರುಮಾಡಿದ. "ಒಂದ್ ಕೈಲಿ ನಿನ್ ಲ್ಯಾಪ್‌ಟಾಪು, ಒಂದ್ ಕೈಲಿ ಅಲಗೆ, ತೂಗಿ ನೋಡ್ದೆ. ಒಸಿ ಕಮ್ಮಿ ಬಂತು. ಬಿಲ್ಲೆ ಆಕ್ದೆ, ಸರೋಯ್ತು."

ಮುನಿಶಾಮಮ್ಮ ರಾಧಳ ಮುಖ ನೋಡಿ, "ಈರುಳ್ಳಿ ಅಲಗೆ ನೋಡು, ಕಣ್ಣಲ್ಲಿ ನೀರ್ ಬಂದೇ ಬತ್ತದೆ" ಅಂದು ಸೆರಗು ಚಾಚಿದಳು.

ರಾಧ ಬಿಲ್ಲೆಯನ್ನು ಅಂಗೈಗೆ ತೆಗೆದುಕೊಂಡಳು. ಅಪ್ಪ ಗಣಿಯಲ್ಲಿದ್ದಾಗಿನ ನಂಬರು ೪೧೭. ಗಣಿಗೆ ಇಳಿಯುವ ಮುನ್ನ ಅದನ್ನು ಆಫೀಸಿನ ಕಿಟಕಿಯಲ್ಲಿ ಕೊಟ್ಟು ಇಳಿಯಬೇಕು, ಮೇಲೆ ಬಂದವನು ಕೇಳಿ ಈಸಿಕೊಳ್ಳಬೇಕು. ಶಿಫ್ಟು ಮುಗಿದರೂ ಯಾರ ಬಿಲ್ಲೆ ಗೋಡೆಯ ಮೊಳೆಯಲ್ಲೇ ಉಳಿಯಿತೋ, ಅವನು ಇನ್ನೂ ಕೆಳಗಿದ್ದಾನೆ ಅಂತ ಅರ್ಥ. ಚಿಕ್ಕಂದಿನಲ್ಲಿ ಅಪ್ಪನ ಜೇಬಿಗೆ ಕೈಹಾಕಿ ಈ ಬಿಲ್ಲೆ ಮುಟ್ಟಿ ನೋಡಿದ ಮೇಲೆಯೇ ಅವಳಿಗೆ ಊಟ ಸೇರುತ್ತಿದ್ದದ್ದು.

ಅಪ್ಪನ ಕೈಯಿಂದ ಲ್ಯಾಪ್‌ಟಾಪ್ ಈಸಿಕೊಂಡು ತೆರೆಯದೆ ಬ್ಯಾಗಿಗೆ ಹಾಕಿದಳು. ಸ್ಟುಡಿಯೋಗೆ ಫೋನ್ ಮಾಡಿ, "ಸಾರ್, ಇವತ್ತಾಗಲ್ಲ" ಎಂದಷ್ಟೇ ಹೇಳಿ ಇಟ್ಟಳು. ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಕ್ಸ್‌ರೇಯನ್ನು ತೊಡೆಯ ಮೇಲಿಟ್ಟುಕೊಂಡಳು. ಎಕ್ಸ್‌ರೇಗೆ ತೂಕವೆಂಬುದೇ ಇರಲಿಲ್ಲ. ಆದರೂ ತೊಡೆ ಸೋಲುತ್ತಿತ್ತು.

ಬಂಗಾರಪೇಟೆ ಹತ್ತಿರ ಬಂದಾಗ ಚಿಕ್ಕವೆಂಕಟಪ್ಪ ಕೈ ಚಾಚಿದ. "ಬಿಲ್ಲೆ ಕೊಡಮ್ಮ, ಎಲ್ಲಾನ ಬೀಳ್ಸೀಯ."

"ಕೊಡಲ್ಲ."

"ಯಾಕೆ?"

"ನೀನಿನ್ನೂ ಕೆಳಗೇ ಇದ್ದೀಯ. ಮೇಲಕ್ಕೆ ಬಾ, ಆಮೇಲೆ ಕೊಡ್ತೀನಿ."

ಅಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕುಬಿಟ್ಟ. ಮುನಿಶಾಮಮ್ಮನೂ ನಕ್ಕಳು. ಎಲ್ಲರಿಗಿಂತ ಜೋರಾಗಿ, ಬೋಗಿಯೇ ತಿರುಗಿ ನೋಡುವ ಹಾಗೆ ನಕ್ಕವಳು ರಾಧ. ಆದರೆ ಮುಷ್ಟಿ ಮಾತ್ರ ಬಿಚ್ಚಲಿಲ್ಲ.