ಎರಡು ದಿನದ ರಾಹುಕಾಲ

ಗಣಿ ಗುತ್ತಿಗೆದಾರ ವೃಷಭೇಂದ್ರಪ್ಪ ನಮ್ಮಜ್ಜನ ಜೇಬುಗಡಿಯಾರ ಕೊಳ್ಳಲು ಬಂದು, ಕಾಫಿ ಕುಡಿದು, ಇನ್ನೇನು ದುಡ್ಡು ತೆಗೆಯಬೇಕು, ರಾಹುಕಾಲ ಶುರುವಾಯಿತು. ನಾವಿರುವ ಈ ಚಂದ್ರನ ಮೇಲೆ ಒಂದು ಹಗಲೆಂದರೆ ಭೂಮಿಯ ಎರಡು ವಾರ. ಅದರಲ್ಲಿ ಎಂಟನೇ ಒಂದು ಪಾಲಾದ ರಾಹುಕಾಲವೇ ಹತ್ತಿರ ಹತ್ತಿರ ಎರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ಏನೂ ಕೊಳ್ಳುವಂತಿಲ್ಲ, ಹೊಸ್ತಿಲೂ ದಾಟುವಂತಿಲ್ಲ. ಮಹಾನುಭಾವ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ. ಅರ್ಧ ಚಂದ್ರನನ್ನು ಅಗೆದು ನುಂಗಿ ನೀರು ಕುಡಿದವನಿಗೆ ರಾಹುವಿನ ಭಯವಂತೆ!

ನಾನು ಬಡಿಸಿದ್ದನ್ನೆಲ್ಲ ತಿನ್ನುತ್ತ ಅವನು ಗಡಿಯಾರದ ಗುಂಡಿ ಒತ್ತಿದ್ದೇ ಒತ್ತಿದ್ದು. ಒತ್ತಿದರೆ ಅದು ಗಂಟೆ ಎಷ್ಟೆಂದು ಒಂದು ದನಿಯಲ್ಲಿ, ನಿಮಿಷ ಎಷ್ಟೆಂದು ಇನ್ನೊಂದು ದನಿಯಲ್ಲಿ ಟಿಣ್ ಟಿಣ್ ಎಂದು ಎಣಿಸಿ ಹೇಳುತ್ತದೆ. ಕಣ್ಣು ಹೋದ ಮೇಲೆ ಅಜ್ಜ ಆ ದನಿ ಕೇಳಿಯೇ ಹೊತ್ತು ತಿಳಿಯುತ್ತಿದ್ದರು. ಅವನು ಕೊಡುವ ದುಡ್ಡಲ್ಲಿ ಭೂಮಿಗೆ ಮರಳುವ ಟಿಕೆಟ್ಟು ಕೊಳ್ಳುವ ಆಸೆಗೆ ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಬಡಿಸಿದೆ.

ಎರಡನೆಯ ದಿನ ಎಲೆಯಡಿಕೆ ಜಗಿಯುತ್ತ ಅವನು, "ಎಲ್ಲಾ ಹೇಳುತ್ತೆ, ರಾಹುಕಾಲ ಮಾತ್ರ ಹೇಳಲ್ಲವಲ್ಲಮ್ಮ! ಇರಲಿ, ಒಳಗಿರೋದೆಲ್ಲ ಕಿತ್ತು ಬಿಸಾಕಿ ಹೊಸ ಮಿಷನ್ ಹಾಕಿಸ್ತೀನಿ" ಎಂದ.

ನಾನು ಗಡಿಯಾರವನ್ನು ಅವನ ಕೈಯಿಂದ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಯಾಕಮ್ಮ, ರಾಹುಕಾಲ ಇನ್ನೂ ಮುಗಿದಿಲ್ವಾ?"

ಬಾಗಿಲು ತೆಗೆದು ಹೇಳಿದೆ: "ನೀವು ಎದ್ದು ಹೋದರೆ ಮುಗಿಯುತ್ತೆ, ಸ್ವಾಮಿ."