ತಗ್ಗಿನ ಗದ್ದೆಯ ಬೀಜ

ಎರಡು ಮೂಟೆ ಯೂರಿಯಾ, ಒಂದು ಡಬ್ಬ ಔಷಧಿ, ನಾಟಿಗೆ ಹನ್ನೆರಡು ಹೆಣ್ಣಾಳು, ಅವರಿಗೆ ಕೂಲಿಯ ಜೊತೆ ಎಲೆ-ಅಡಿಕೆ. ಇಷ್ಟನ್ನೂ ಸುರಿದ ಮೇಲೆ ಪೂರಿಗಾಲಿಯ ಹೊನ್ನಯ್ಯನಿಗೆ ಕೆರೆ ಹಿಂದಿನ ತಗ್ಗಿನ ಗದ್ದೆಯಲ್ಲಿ ಎಪ್ಪತ್ತಾರರ ಸುಗ್ಗಿಗೆ ದಕ್ಕಿದ್ದು ಒಂದು ಮಂಕರಿ ಜೊಳ್ಳು. ಮೇಲಿನ ಗದ್ದೆಗಳಲ್ಲಿ ಹೊಸ ಭತ್ತದ ತಳಿ ಜಯ ಹಳೆಯದರ ಎರಡರಷ್ಟು ಇಳುವರಿ ಕೊಟ್ಟಿತ್ತು, ಅದರಲ್ಲಿ ಸುಳ್ಳಿಲ್ಲ. ಆ ಆಸೆಗೇ ಅವನು ತಗ್ಗಿಗೂ ಅದನ್ನೇ ಹಾಕಿದ್ದು. ಚಿತ್ತೆ ಮಳೆಗೆ ಅಲ್ಲಿ ವಾರಗಟ್ಟಲೆ ನೀರು ನಿಂತು ಗಿಡ್ಡ ಪೈರು ಮುಳುಗಿ ಕೊಳೆಯಿತು. ಆ ನೀರಿನ ಮೇಲೆ ತಲೆ ಎತ್ತಿ ನಿಲ್ಲುತ್ತಿದ್ದದ್ದು ಅವರಪ್ಪನ ಕಾಲದ ಎತ್ತರದ ತಳಿ ಕೆಂಬತ್ತ ಒಂದೇ.

ಮತ್ತೆ ಸಸಿಮಡಿಗೆ ಬಿತ್ತುವ ಕಾಲ ಬಂದಾಗ ಅವನು ಪಕ್ಕದ ಗದ್ದೆಯ ಮರಿಸಿದ್ದಯ್ಯನನ್ನು ಕೇಳಿದ. “ಒಂದ್ ಕೊಳಗ ಕೆಂಬತ್ತ ಇದ್ರೆ ಕೊಡು ಕಣ್ಲಾ.”

“ನನ್ ತಾವ ಎಲ್ಲದೆ? ರೇಡಿಯೋ ಕೇಳ್ಕಂಡು ಊರಿಗೆ ಮೊದ್ಲು ಜಯ ತಂದೋನು ನೀನು. ಓಗು, ಆ ರೇಡಿಯೋನೇ ಕೇಳು,” ಎಂದು ನಕ್ಕ ಮರಿಸಿದ್ದಯ್ಯನಿಗೆ ಆಮೇಲೆ ಪಾಪ ಅನಿಸಿತು. “ನಿಮ್ಮಕ್ಕನ ಮನೇಲಿ ಇರ್ಬೇಕು ಕಣ್ಲಾ. ನಿಮ್ಮೆರಡು ಮನೆಗೂ ಬೀಜದ ಬದ್ಲಾವಣೆ ಇತ್ತಲ್ಲ.”

ಇತ್ತು. ಒಂದೇ ಮನೆಯಲ್ಲಿ ಮೂರು ಫಸಲು ಕಂಡ ಬೀಜ ಸೊರಗುತ್ತದೆ, ಅದಕ್ಕೆ ಮಣ್ಣು ಬದಲಾಗಬೇಕು ಎನ್ನುತ್ತಿದ್ದರು ಅವರಪ್ಪ. ಮಗಳು ಚಲುವಮ್ಮನನ್ನು ಭಾರತೀನಗರದ ಪಕ್ಕದ ಊರಿಗೆ ಕೊಟ್ಟ ಮೇಲೆ ಇಲ್ಲಿಯ ಒಂದು ಚೀಲ ಅಲ್ಲಿಗೆ, ಅಲ್ಲಿಯ ಒಂದು ಚೀಲ ಇಲ್ಲಿಗೆ ಹೋಗಿ ಬರುತ್ತಿತ್ತು. ಬೀಜಕ್ಕೆ ಹೋಗುವವನು ಬರಿಗೈಯಲ್ಲಿ ಹೋಗುವಂತಿಲ್ಲ. ಹೊನ್ನಯ್ಯ ಮನೆಯಲ್ಲಿದ್ದ ಜಯವನ್ನೇ ಒಂದು ಚೀಲ ತುಂಬಿಕೊಂಡು ಬಸ್ಸು ಹತ್ತಿದ. ಮಳವಳ್ಳಿ ದಾಟಿದ ಮೇಲೆ ರಸ್ತೆಯ ಎರಡು ಕಡೆಯೂ ಕಬ್ಬು, ಬರೀ ಕಬ್ಬು. ಅವನಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಚಲುವಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. “ಏನ್ಲಾ ಹೊನ್ನಾ, ಅಬ್ಬ ಇಲ್ಲ ಉಣ್ಣಿಮೆ ಇಲ್ಲ, ದಾರಿಗೀರಿ ತಪ್ಪಿ ಬಂದ್ಯಾ?”

“ಕೆಂಬತ್ತಕ್ಕೆ ಬಂದೆ ಕಣಕ್ಕ. ತಗ್ಗಿನ ಗದ್ದೆ ಬೀಳು ಬೀಳ್ತದೆ. ಒಂದ್ ಚೀಲ ಆಗ್ದಿದ್ರೆ ಅರ್ಧನಾದ್ರೂ ಕೊಡು.”

ಅವಳ ಕೈಯ ಮೊರ ನಿಂತಿತು. “ತಮಾಸೆ ಮಾಡ್ಬ್ಯಾಡ. ನಿನ್ ತಾವ ಇಲ್ವಾ?”

“ಪೂರಾ ಮಾರ್ಬುಟ್ಟೆ. ಬೇಕಾದ್ರೆ ನಿನ್ ತಾವ ಇದ್ದೇ ಇರ್ತದಲ್ಲ ಅಂತ.”

“ಅಯ್ಯೋ ಸಿವನೇ. ನಮ್ ಗದ್ದೆ ಎಲ್ಲಾ ಕಬ್ಬಾಯ್ತು. ಉಣ್ಣಕ್ಕೆ ಅಂತ ಒಂದ್ ಮಡಿ ಜಯ ಬುಟ್ರೆ ಬ್ಯಾರೆ ನೆಲ್ಲಿಲ್ಲ. ಕೊನೇ ಕೆಂಬತ್ತ ಒಂದ್ ಗುಡಾಣ ನಿಂಗೇ ಅಂತ ಮಡಗಿದ್ದೆ. ಓದ ಗೌರಿ ಅಬ್ಬಕ್ಕೆ ನೀನು ಅರಿಸ್ನ-ಕುಂಕ್ಮ ಕೊಡಕ್ಕೆ ಬಂದಾಗ ಒಯ್ತೀಯಾ ಅಂತ ಕೇಳ್ನಿಲ್ವಾ?”

ಹೊನ್ನಯ್ಯನಿಗೆ ನೆನಪಾಯಿತು. ಆಗ ತಗ್ಗಿನ ಗದ್ದೆಯಲ್ಲಿ ಪೈರು ಹಸಿರಾಗಿ ನಿಂತಿತ್ತು, ಅವನ ಮಾತೂ ಎತ್ತರದಲ್ಲೇ ಇತ್ತು.

“ನೀನೇನಂದೆ? ‘ಆ ಮುದಿ ನೆಲ್ಲು ಯಾರ್ಗೆ ಬೇಕಕ್ಕ, ಇಲಿ ತಿನ್ನೋ ಬದ್ಲು ನಾವೇ ಉಣ್ಣಾನ, ಕುಟ್ಸಾಕು’ ಅಂದೆ. ಇವ್ನ ಮನೇಲಿ ಬೇಕಾದಷ್ಟದೆ, ಅದ್ಕೇ ಇಂಗಂತಾನೆ ಅನ್ಕಂಡು ನಾನೂ ಕುಟ್ಸಿದೆ. ಇನ್ನೊಂದ್ ಸೌಟು ಆಕಕ್ಕ, ಏನ್ ರುಚಿ ಅಂತ ಬಾಯ್ ಚಪ್ಪರ್ಸ್ಕಂಡು ಉಂಡ್ಯಲ್ಲೋ!”

“ಒಂದ್ ಸೇರಾದ್ರೂ ಉಳ್ಸಬಾರ್ದಿತ್ತಾ?”

“ನೀನ್ ಉಳ್ಸಬಾರ್ದಿತ್ತಾ?”

ಚಲುವಮ್ಮ ಮೊರ ಕೆಳಗಿಟ್ಟು ಎದ್ದು ಒಳಗಿನಿಂದ ಮಣ್ಣಿನ ಗುಡಾಣವನ್ನು ಉರುಳಿಸಿಕೊಂಡು ಬಂದಳು. ಅದರ ಬಾಯಿಯನ್ನು ಬಿಸಿಲಿಗೆ ತಿರುಗಿಸಿ, ತೋಳಿನವರೆಗೆ ಕೈ ಹಾಕಿ ತಡಕಿದಳು. ಹುಳ ಬೀಳದಿರಲೆಂದು ಹಾಕಿದ್ದ ಬೂದಿ ಬಂತು, ಲಕ್ಕಿ ಸೊಪ್ಪಿನ ಪುಡಿ ಬಂತು. ಅಂಗೈಯನ್ನು ತಮ್ಮನ ಮುಂದೆ ಹಿಡಿದು, ಆಮೇಲೆ ಸೆರಗಿಗೆ ಒರೆಸಿಕೊಂಡಳು.

ಊಟಕ್ಕೆ ಮುದ್ದೆ, ಹುರುಳಿ ಸಾರು. ಅನ್ನ ಬಡಿಸಲು ಬಂದಾಗ ಹೊನ್ನಯ್ಯ ತಟ್ಟೆಗೆ ಕೈ ಅಡ್ಡ ಹಿಡಿದ. ಅವಳೂ ಒತ್ತಾಯ ಮಾಡಲಿಲ್ಲ.

ಅವನು ಹೊರಡುವ ಹೊತ್ತಿಗೆ ಚಲುವಮ್ಮ ಅವನ ಚೀಲದ ನೆಲ್ಲನ್ನು ತನ್ನ ಕಾಳಿನ ವಾಡೆಗೆ ಸುರಿದು, ಬೇರೆ ಮೂಟೆಯಿಂದ ಅದೇ ಚೀಲಕ್ಕೆ ತುಂಬತೊಡಗಿದಳು.

“ಅದೂ ಜಯ, ಇದೂ ಜಯ ಕಣಕ್ಕ. ಯಾಕ್ ಸುಮ್ನೆ?”

“ಗೊತ್ತು ಬುಡು. ಬೀಜಕ್ಕೆ ಅಂತ ತವರಿಂದ ಬಂದೋನ್ನ ಖಾಲಿ ಚೀಲದಲ್ಲಿ ಕಳ್ಸಕಾಯ್ತದಾ? ತಲೆ ಕೊಡು, ಎತ್ತಿಸ್ತೀನಿ.”

ಆ ವರ್ಷವೂ ಮೇಲಿನ ಗದ್ದೆಗಳಲ್ಲಿ ಜಯ ಚೆನ್ನಾಗಿಯೇ ಬಂತು. ಹೊನ್ನಯ್ಯನ ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲ. ತಗ್ಗಿನ ಗದ್ದೆಗೆ ಅವನು ಮತ್ತೆ ಬೀಜ ಹಾಕಲಿಲ್ಲ. ಮಳೆಗಾಲದಲ್ಲಿ ಅಲ್ಲಿ ಊರಿನ ಎಮ್ಮೆಗಳು ಮಲಗುತ್ತವೆ.